ಛಾಪಾ ಹಚ್ಚಿದ ಗಡಿಗೆಗಳು

ನಮ್ಮ ಮನೆಯ ಉಪ್ಪಿನ ಗಡಿಗೆಯ ಮೇಲೆ ಒಂದು ಬಿಳಿ ನಾಯಿ ಕುಳಿತಿತ್ತು. ತೊಗರಿಬೇಳೆಯ ಡಬ್ಬಿಯ ಮೇಲೆ ಹೊಗೆ ಬಿಡುವ ಹಡಗು, ಖಾರದ ಡಬ್ಬಿಯ ಮೇಲೆ ಗಿಳಿ, ಬೆಲ್ಲದ ಗಡಿಗೆಯ ಮೇಲೆ ಕನ್ನಡಿ ನೋಡಿಕೊಳ್ಳುತ್ತಿರುವ ಹೆಂಗಸು, ಜೋಳದ ಹಿಟ್ಟಿನ ಬುಟ್ಟಿಯ ಮೇಲೆ ಎದುರುಬದುರು ನಿಂತ ಎರಡು ಆನೆ. ಭಾಲ್ಕಿಯ ನಮ್ಮ ಓಣಿಯಲ್ಲಿ ಇಂಥ ಅಡುಗೆಮನೆ ಇನ್ನೊಂದಿರಲಿಲ್ಲ. ಬೇರೆ ಮನೆಗಳಲ್ಲಿ ಗಡಿಗೆಗಳು ಮಸಿ ಹಿಡಿದು ಮೂಲೆಯ ಕತ್ತಲಲ್ಲಿ ಕುಳಿತಿರುತ್ತಿದ್ದವು. ನಮ್ಮಲ್ಲಿ ಮಧ್ಯಾಹ್ನ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದು ಒಂದೊಂದೇ ಚಿತ್ರವನ್ನು ಮುಟ್ಟುತ್ತ ಗೋಡೆಯುದ್ದಕ್ಕೂ ಸರಿಯುತ್ತಿತ್ತು. ನಾನು ಒಲೆಯ ಪಕ್ಕದಲ್ಲಿ ಕುಳಿತು ಅದನ್ನೇ ನೋಡುತ್ತಿದ್ದೆ. ಆ ಮನೆಯಲ್ಲಿ ನಾಲ್ಕು ಜನ ಇದ್ದೆವು: ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಮತ್ತೆ ನಾನು. ಆದರೆ ನನಗೆ ನೆನಪಾಗುವುದು ಆ ಮನೆಯ ಮಾತಿಗಿಂತ ಹೆಚ್ಚಾಗಿ ಅದರ ಮೌನ.

ಅಪ್ಪನದು ಬಜಾರಿನಲ್ಲಿ ಬಟ್ಟೆಯ ಅಂಗಡಿ. ಆಗ ಬಟ್ಟೆಯ ಥಾನುಗಳು ಸಮುದ್ರ ದಾಟಿ ಮುಂಬಯಿಗೆ, ಅಲ್ಲಿಂದ ನಮ್ಮ ಕಡೆಗೆ ಬರುತ್ತಿದ್ದವು. ಪ್ರತಿ ಥಾನಿನ ಮೇಲೂ ಅಂಗೈಯಗಲದ ಬಣ್ಣದ ಚಿತ್ರವೊಂದನ್ನು ಅಂಟಿಸಿರುತ್ತಿದ್ದರು. ಅಂಗಡಿಯವರು ಅದಕ್ಕೆ ಛಾಪಾ ಅನ್ನುತ್ತಿದ್ದರು. ಓದು ಬಾರದ ಗಿರಾಕಿಗಳು ಆ ಛಾಪಾ ನೋಡಿಯೇ ಬಟ್ಟೆಯ ಗುರುತು ಹಿಡಿಯುತ್ತಿದ್ದರು. ಖಟಕ ಚಿಂಚೋಳಿಯಿಂದ ಬರುವ ಒಕ್ಕಲಿಗರು "ಹೋದ ಸಲದ ಗಿಳಿ ಛಾಪಾದ ಬಟ್ಟೀನ ಕೊಡ್ರಿ" ಎಂದು ಕೇಳುವುದನ್ನು ನಾನೇ ಕೇಳಿದ್ದೇನೆ. ಥಾನು ಪೂರ್ತಿ ಮಾರಿ ಮುಗಿದ ಮೇಲೆ ಆ ಚಿತ್ರ ಯಾರಿಗೂ ಬೇಡವಾಗುತ್ತಿತ್ತು. ಅಪ್ಪ ಅದನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಹರಿಯದಂತೆ ಬಿಡಿಸಿ, ಒಣಗಿಸಿ, ರುಮಾಲಿನ ಮಡಿಕೆಯಲ್ಲಿಟ್ಟು ಮನೆಗೆ ತರುತ್ತಿದ್ದ. ಅವ್ವನ ಕೈಗೆ ಕೊಡುತ್ತಿರಲಿಲ್ಲ. ಅಡುಗೆಮನೆಯ ಗೂಡಿನಲ್ಲಿಟ್ಟು, ಏನೂ ಇಡದವನಂತೆ ಕೈಕಾಲು ತೊಳೆಯಲು ಹೋಗುತ್ತಿದ್ದ.

ಅವ್ವ ಹುಟ್ಟಿನಿಂದ ಕಿವುಡಿಯಲ್ಲ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳು ಬೀಸುವಾಗ ಹಾಡುತ್ತಿದ್ದಳು. ಔರಾದಿನ ಕಡೆಯವಳಾದ್ದರಿಂದ ಹಾಡಿನ ನಡುವೆ ಮರಾಠಿ ಪದಗಳು ಬರುತ್ತಿದ್ದವು. ನಾನು ಇನ್ನೂ ಸಣ್ಣವಳಿದ್ದಾಗ ಒಂದು ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ಆಯಿ ತಲೆಗೆ ಔಡಲೆಣ್ಣೆ ತಟ್ಟಿದಳು, ದೇವರ ಮುಂದೆ ವಿಭೂತಿ ಇಟ್ಟು ಕುಳಿತಳು, ಹಗಲೂ ರಾತ್ರಿ ಅವಳ ಹಾಸಿಗೆ ಬಿಟ್ಟು ಏಳಲಿಲ್ಲ. ಬೀದರಿನಿಂದ ಹಕೀಮರೊಬ್ಬರನ್ನು ಗಾಡಿ ಕಟ್ಟಿಸಿ ಕರೆತಂದರು. ಜ್ವರ ಬಿಟ್ಟ ಬೆಳಿಗ್ಗೆ ಅವ್ವ ಎದ್ದು ಕುಳಿತು ಗಂಜಿ ಕುಡಿದಳು. ನಾವೆಲ್ಲ ಅವಳ ಸುತ್ತ ಕುಳಿತು ಏನೇನೋ ಮಾತಾಡುತ್ತಿದ್ದೆವು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿದಳು:

"ಎಲ್ಲಾರೂ ಪಿಸಿಪಿಸಿ ಯಾಕ ಮಾತಾಡ್ಲತ್ತೀರಿ? ಯಾರಿಗೇನ್ ಆಗ್ಯಾದ?"

ಯಾರೂ ಪಿಸುಗುಟ್ಟುತ್ತಿರಲಿಲ್ಲ. ಹಕೀಮರು ಮತ್ತೆ ಬಂದು ಕಿವಿಗೆ ಬೆಚ್ಚನೆಯ ಎಣ್ಣೆ ಬಿಟ್ಟರು, ಬೆಳ್ಳುಳ್ಳಿಯ ಹೊಗೆ ಕೊಟ್ಟರು. ಏನೂ ಆಗಲಿಲ್ಲ. ತನ್ನ ದನಿ ತನಗೇ ಕೇಳದ್ದರಿಂದ ಅವ್ವ ಜೋರಾಗಿ ಮಾತಾಡತೊಡಗಿದಳು. ಒಲೆಯ ಮುಂದಿನಿಂದ ಆಡಿದ ಮಾತು ಬೀದಿಯ ಕಟ್ಟೆಗೆ ಕೇಳುತ್ತಿತ್ತು. ನೀರಿಗೆ ಹೋದಾಗ ಬಾವಿಕಟ್ಟೆಯ ಹೆಂಗಸರು ನಕ್ಕರು. ನಗು ಕಿವಿಗೆ ಬೀಳದಿದ್ದರೂ ಕಣ್ಣಿಗೆ ಬಿತ್ತಲ್ಲ. ಮನೆಯಲ್ಲಿ ಆಯಿ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದಳು. ಕೆಲವು ತಿಂಗಳುಗಳಲ್ಲಿ ಅವ್ವ ಮಾತು ಬಿಟ್ಟುಬಿಟ್ಟಳು. ಬಾವಿಗೆ ಹೋಗುವುದನ್ನೂ ಬಿಟ್ಟಳು. ಬೀಸುವ ಕಲ್ಲು ಮಾತ್ರ ಹಾಡಿಲ್ಲದೆ ತಿರುಗುತ್ತಿತ್ತು.

ಚಿತ್ರ ಅಂಟಿಸುವುದು ಶುರುವಾದದ್ದು ಒಂದು ಜಗಳದಿಂದ. ಮನೆಗೆ ಜಂಗಮರು ಊಟಕ್ಕೆ ಬಂದಿದ್ದರು. ಪಡಸಾಲೆಯಿಂದ ಆಯಿ ಉಪ್ಪು ಎಂದು ಕೂಗಿದಳು. ಅವ್ವ ಅವಳ ತುಟಿ ನೋಡಿ ತುಪ್ಪದ ಗಿಂಡಿ ತಂದಳು. ಆಯಿ ಇನ್ನೊಮ್ಮೆ ಕೂಗಿದಳು. ಅವ್ವ ಬೆಲ್ಲ ತಂದಳು. ಬಂದವರ ಮುಂದೆ ಆಯಿ ಬೆಲ್ಲದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ತಾನೇ ಎದ್ದು ಒಳಗೆ ಹೋಗಿ ಉಪ್ಪು ತಂದಳು. ಊಟ ಮುಗಿದ ಮೇಲೆ ಅವ್ವ ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿ ಕುಳಿತಳು. ಮರುದಿನ ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೀಸಿ, ಬೇವಿನೆಲೆಯ ನೀರಿನಲ್ಲಿ ಕುದಿಸಿ ಗಟ್ಟಿ ಅಂಟು ಮಾಡಿದಳು. ಗೂಡಿನಲ್ಲಿ ಬಿದ್ದಿದ್ದ ಛಾಪಾಗಳಲ್ಲಿ ನಾಯಿಯದನ್ನು ಆರಿಸಿ, ಅದರ ಸುತ್ತಲಿನ ಅಕ್ಷರಗಳನ್ನೆಲ್ಲ ಕತ್ತರಿಸಿ ತೆಗೆದು, ನಾಯಿಯನ್ನಷ್ಟೇ ಉಪ್ಪಿನ ಗಡಿಗೆಗೆ ಅಂಟಿಸಿದಳು. ನನ್ನನ್ನು ಕರೆದು, ಎರಡು ಕೈಗಳನ್ನು ಕಿವಿಯ ಹತ್ತಿರ ನಾಯಿಯ ಕಿವಿಯಂತೆ ಜೋತುಬಿಟ್ಟು ತೋರಿಸಿ, ಗಡಿಗೆ ಮುಟ್ಟಿದಳು. ನನಗೆ ತಟ್ಟನೆ ತಿಳಿಯಿತು. ನಾಯಿ ಎಂದರೆ ಉಪ್ಪು. ಮಾಡಿ ತೋರಿಸಿದರೆ ಸಾಕು, ಅವ್ವ ತಂದುಕೊಡುತ್ತಾಳೆ. ಸಂಜೆಯೊಳಗೆ ಗಿಳಿಯ ಕೊಕ್ಕು ಖಾರವಾಯಿತು, ಆನೆಯ ಸೊಂಡಿಲು ಹಿಟ್ಟಾಯಿತು. ಅವ್ವ ಎಷ್ಟೋ ದಿನಗಳ ಮೇಲೆ ನಕ್ಕಳು.

ಅಂಟಿಸುವ ಕೆಲಸ ಅಷ್ಟು ಸುಲಭವಾಗಿ ಕೈಗೆ ಹತ್ತಲಿಲ್ಲ. ಒಲೆಯ ಹೊಗೆಗೆ, ಒದ್ದೆ ಕೈಗೆ ಕಾಗದ ನಿಲ್ಲುತ್ತಿರಲಿಲ್ಲ. ಮೇಲೆ ಅಗಸೆ ಎಣ್ಣೆ ಕಾಯಿಸಿ ಸವರಿದರೆ ಕಾಗದ ಎಣ್ಣೆ ಕುಡಿದು ಬಣ್ಣವೆಲ್ಲ ಮಂಕಾಗಿ, ಒಳಗಿನ ಗಡಿಗೆ ಕಾಣುತ್ತಿತ್ತು. ಮೊದಲ ಹಡಗು ಹಾಗೆಯೇ ಹಾಳಾಯಿತು. ಆಮೇಲೆ ಅವ್ವ ತಾನೇ ಒಂದು ದಾರಿ ಕಂಡುಕೊಂಡಳು. ಚಿತ್ರ ಅಂಟಿಸಿದ ಮೇಲೆ ಅದರ ಮೇಲೂ ತೆಳ್ಳಗೆ ಅಂಟು ಬಳಿದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ನಂತರ ಎಣ್ಣೆ ಸವರಿದಳು. ಆಗ ಚಿತ್ರ ಗಾಜಿನೊಳಗೆ ಇಟ್ಟಂತೆ ಹೊಳೆಯಿತು. ಅಂಚುಗಳನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಎಲ್ಲಿ ಕಾಗದ ಮುಗಿದು ಎಲ್ಲಿ ಮಣ್ಣು ಶುರುವಾಗುತ್ತದೆ ಎಂದು ಬೆರಳಿಗೆ ತಿಳಿಯದಂತೆ ಮಾಡುತ್ತಿದ್ದಳು. ಉಪ್ಪಿನ ಗಡಿಗೆ ಮಾತ್ರ ಮಳೆಗಾಲದಲ್ಲಿ ಬೆವರಿ ನಾಯಿಯನ್ನು ಉದುರಿಸಿಬಿಡುತ್ತಿತ್ತು. ಅವ್ವ ಪ್ರತಿ ಸಲ ಬೇರೊಂದು ನಾಯಿ ಹುಡುಕುತ್ತಿದ್ದಳು.

ಆ ಭಾಷೆಯನ್ನು ನಮ್ಮ ಮನೆಯಲ್ಲಿ ಆಡಿದವಳು ನಾನೊಬ್ಬಳೇ. ಆಯಿಗೆ ನಾನು ಕಲಿಸಲು ಹೋದಾಗ ಅವಳು ಸೆರಗು ಕೊಡವಿ ಎದ್ದಳು.

"ನಾ ಏನ್ ಬಹುರೂಪಿ ಆಟದಾಕಿ ಏನ? ಈ ವಯಸ್ಸಿನ್ಯಾಗ ನಾಯಿ ಹಂಗ, ನರಿ ಹಂಗ ಕುಣೀಬೇಕೇನ ನಾ?"

ಅಪ್ಪ ಕಲಿತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ತಾಯಿಯ ಎದುರು ಹೆಂಡತಿಯ ಜೊತೆ ಬಾಯಲ್ಲೇ ಮಾತಾಡದ ಕಾಲ ಅದು. ಕೈಯಲ್ಲಿ ಹೇಗೆ ಮಾತಾಡಿಯಾನು? ಅವನು ಛಾಪಾ ತಂದು ಗೂಡಿನಲ್ಲಿಡುತ್ತಿದ್ದ, ಅಷ್ಟೇ. ಹೀಗಾಗಿ ಮನೆಯ ಎಲ್ಲ ಮಾತೂ ನನ್ನ ಮೂಲಕ ಹೋಗುತ್ತಿತ್ತು. ಆಯಿ ನನಗೆ ಹೇಳಬೇಕು, ನಾನು ಅವ್ವನಿಗೆ ತೋರಿಸಬೇಕು. ಓಣಿಯ ಹುಡುಗಿಯರು ಆಡಲು ಕರೆದರೆ ಹೋಗಲಾಗುತ್ತಿರಲಿಲ್ಲ. ನಾನು ಹೊರಗೆ ಹೋದರೆ ಮನೆಯಲ್ಲಿ ಅವ್ವ ಪೂರ್ತಿ ಕಿವುಡಿಯಾಗುತ್ತಿದ್ದಳು. ಕೊನೆಗೆ ಅವರು ಕರೆಯುವುದನ್ನೂ ಬಿಟ್ಟರು. ನಾನು ಕತ್ತರಿ ಹಿಡಿದು ಅವ್ವನ ಪಕ್ಕದಲ್ಲಿ ಕುಳಿತು ಆನೆಯ ಬಾಲ ಕತ್ತರಿಸುತ್ತಿದ್ದೆ. ನಮ್ಮ ಭಾಷೆಯಲ್ಲಿ ಉಪ್ಪು, ಖಾರ, ಬೇಳೆ, ನೀರು, ಹಸಿವು, ಸಾಕು, ಇಷ್ಟು ಇದ್ದವು. ಅಡುಗೆಮನೆಯ ಹೊರಗಿನ ಯಾವುದೂ ಅದರಲ್ಲಿ ಇರಲಿಲ್ಲ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಕಮಲನಗರದಿಂದ ಇಬ್ಬರು ಗಂಡಸರು ಬಂದು ಪಡಸಾಲೆಯಲ್ಲಿ ಕುಳಿತರು. ಅವ್ವ ಅವರಿಗೆ ನೀರು ಕೊಟ್ಟಳು, ರೊಟ್ಟಿ ಬಡಿದು ಹಾಕಿದಳು. ಅವರು ಅಪ್ಪನಿಗೆ ಹೆಣ್ಣು ಕೊಡಲು ಬಂದವರು. ಆ ಮಾತು ನಡೆದದ್ದು ಅವ್ವ ಬಡಿಸುತ್ತಿರುವಾಗಲೇ, ಅವಳ ಎದುರಿಗೇ. ಅಪ್ಪ ತಲೆ ಎತ್ತದೆ ಊಟ ಮಾಡಿದ. ಅವರು ಹೋದ ಮೇಲೆ ಆಯಿ ನನ್ನನ್ನು ದೇವರ ಕೋಣೆಗೆ ಕರೆದಳು.

"ನಿಮ್ಮಪ್ಪಗ ಒಂದ್ ಗಂಡ ಮಗ ಬೇಕವ್ವ. ನಿಮ್ಮವ್ವಗ ನಾಳಿ ಇನ್ನೊಂದ್ ಕೂಸ ಆದ್ರ, ಅದು ಅತ್ತದ್ದು ಆಕಿಗ ಹ್ಯಾಂಗ ಕೇಳಸ್ತದ? ನೀನೇ ಹೇಳು."

ಆಯಿ ಕಣ್ಣೊರೆಸಿಕೊಂಡಳು. ಅವಳು ಕೆಟ್ಟವಳಲ್ಲ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಬ್ಬ ಮಗನನ್ನು ಹಿಡಿದುಕೊಂಡು ಆ ಮನೆ ನಡೆಸಿದವಳು. ಸೆರಗು ಸರಿಮಾಡಿಕೊಂಡು ಅಂದಳು:

"ಆಕಿಗ ನೀನೇ ತಿಳಸಿ ಹೇಳು. ನಮ್ಮ ಮಾತು ಆಕಿಗ ತಿಳಿಯಂಗಿಲ್ಲ. ನಿಮ್ಮ ನಿಮ್ಮ ಕೈಮಾತು ಅದಲ್ಲ, ಅದರಾಗ ಹೇಳು."

ಅಡುಗೆಮನೆಯಲ್ಲಿ ಅವ್ವ ಜೋಳ ಕೇರುವ ಮರಕ್ಕೆ ಕಾಗದ ಹಚ್ಚುತ್ತಿದ್ದಳು. ನಾನು ಛಾಪಾಗಳ ಬುಟ್ಟಿಯನ್ನು ಕೆದಕಿದೆ. ಕುರ್ಚಿಯ ಮೇಲೆ ಕುಳಿತ ಮೀಸೆಯ ಗಂಡಸಿನ ಚಿತ್ರ ಸಿಕ್ಕಿತು. ಅದನ್ನು ನೆಲದ ಮೇಲಿಟ್ಟು, ನನ್ನ ಮೂಗಿನ ಕೆಳಗೆ ಮೀಸೆ ತಿರುವಿ ಅಪ್ಪ ಎಂದು ತೋರಿಸಿದೆ. ಅವ್ವ ತಲೆಯಾಡಿಸಿದಳು. ಅವನ ಬದಿಗೆ ಒಬ್ಬ ಹೆಂಗಸಿನ ಚಿತ್ರವಿಟ್ಟು ಅವ್ವನತ್ತ ಬೆರಳು ಮಾಡಿದೆ. ಅವಳು ಮುಗುಳ್ನಕ್ಕಳು, ಆಟ ಎಂದುಕೊಂಡಳು. ಇನ್ನೊಂದು ಬದಿಗೆ ಮತ್ತೊಬ್ಬ ಹೆಂಗಸನ್ನು ಇಟ್ಟೆ. ಅವಳು ನನ್ನತ್ತ ಬೆರಳು ಮಾಡಿದಳು, ಇದು ನೀನಾ ಎಂಬಂತೆ. ನಾನು ಅಲ್ಲ ಎಂದು ತಲೆಯಾಡಿಸಿದೆ. ಮುಂದೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಬುಟ್ಟಿಯ ತಳದಲ್ಲಿ ಬಂಗಾರ ಬಣ್ಣದ ಬೇಗಡೆಯ ತುಂಡು ಬಿದ್ದಿತ್ತು. ಅದನ್ನು ತೆಗೆದುಕೊಂಡು, ಮದುವೆಯಲ್ಲಿ ಹಣೆಗೆ ಕಟ್ಟುವಂಥ ಎರಡು ಬಾಸಿಂಗ ಕತ್ತರಿಸಿದೆ. ಉಗುರಿನಷ್ಟು ಚಿಕ್ಕವು. ಒಂದನ್ನು ಮೀಸೆಯ ಗಂಡಸಿನ ಹಣೆಗೆ ಅಂಟಿಸಿದೆ. ಎರಡನೆಯದನ್ನು ಬೆರಳ ತುದಿಯಲ್ಲಿ ಹಿಡಿದು, ಅವ್ವನ ಚಿತ್ರವನ್ನು ದಾಟಿಸಿ, ಆ ಇನ್ನೊಬ್ಬ ಹೆಂಗಸಿನ ಹಣೆಗೆ ಅಂಟಿಸಿದೆ.

ಅವ್ವ ಬಹಳ ಹೊತ್ತು ನೋಡಿದಳು. ಅವಳ ಕೈಯ ಅಂಟು ಒಣಗಿ ಬಿಳಿಯಾಯಿತು. ಆಮೇಲೆ ಬಾಯಿ ತೆರೆದಳು. ಎಷ್ಟೋ ತಿಂಗಳಿಂದ ಆಡದ ದನಿ ಒಡೆದು, ದೊಡ್ಡದಾಗಿ, ಮಾಳಿಗೆಗೆ ಬಡಿಯುವಂತೆ ಬಂತು.

"ಯಾವಾಗ?"

ನನಗೆ ಅದನ್ನು ಹೇಳಲು ಬರಲಿಲ್ಲ. ಅತ್ತುಬಿಟ್ಟೆ. ಅವ್ವ ನನ್ನನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು, ಸೆರಗಿನಿಂದ ನನ್ನ ಮುಖವನ್ನು, ಗದ್ದದ ಹಚ್ಚೆಯ ಬೊಟ್ಟಿನವರೆಗೂ ಒರೆಸಿದಳು. ನಂತರ ಎದ್ದು ನೇರವಾಗಿ ದೇವರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಆಯಿ ಜಪದಲ್ಲಿ ಕುಳಿತಿದ್ದಳು.

"ಇದು ನೀವ ಬಂದು ಹೇಳಬೇಕಿತ್ತರಿ, ಅತ್ತಿ. ನನಗ ಕಣ್ಣು ಅದಾವ. ನಿಮ್ಮ ಮಾರಿ ನೋಡಿ ತಿಳ್ಕೋತಿದ್ದೆ. ಕೂಸಿನ ಕೈಲೆ ಹೇಳಿಸ್ದಿರಲ್ಲ!"

ಓಣಿಗೆಲ್ಲ ಕೇಳಿತು. ಈ ಸಲ ಆಯಿ ಬಾಯಿಗೆ ಬೆರಳಿಟ್ಟು ಸನ್ನೆ ಮಾಡಲಿಲ್ಲ. ಕೈಯಲ್ಲಿದ್ದ ರುದ್ರಾಕ್ಷಿಯನ್ನು ನೋಡುತ್ತ ಕುಳಿತಳು. ಸಂಜೆ ಅಪ್ಪ ಬಂದವನು ಅವ್ವನ ಎದುರು ಕುಳಿತು ಏನೇನೋ ಹೇಳಿದ. ಅವನ ತುಟಿಗಳು ಎಡೆಬಿಡದೆ ಅಲುಗುತ್ತಿದ್ದವು. ಅವ್ವ ಅವನ ಮುಖವನ್ನೇ ನೋಡುತ್ತಿದ್ದು, ಕೊನೆಗೆ ಮುಖ ತಿರುಗಿಸಿಕೊಂಡಳು. ಅವನು ಹೇಳಿದ್ದೇನು ಎಂದು ಅವಳು ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಹೇಳುವ ಹಾಗಿರಲಿಲ್ಲ. "ತಪ್ಪು ತಿಳಿಬ್ಯಾಡ" ಎನ್ನುವುದಕ್ಕೆ ನಮ್ಮ ಯಾವ ಡಬ್ಬಿಯ ಮೇಲೂ ಚಿತ್ರವಿರಲಿಲ್ಲ.

ಮದುವೆಗೆ ಮುಂಚೆಯೇ ಔರಾದಿನಿಂದ ಸೋದರಮಾವ ಗಾಡಿ ತಂದ. ಅವ್ವ ಒಂದು ಗಂಟು ಕಟ್ಟಿಕೊಂಡಳು, ಜೊತೆಗೆ ತನ್ನ ಕತ್ತರಿ. ಗಡಿಗೆ, ಡಬ್ಬಿ, ಬುಟ್ಟಿ ಎಲ್ಲವನ್ನೂ ಅಲ್ಲೇ ಬಿಟ್ಟಳು. ನಾನೂ ಗಾಡಿ ಹತ್ತಿ ಕುಳಿತಿದ್ದೆ. ಆಯಿ ಬಂದು ನನ್ನ ತೋಳು ಹಿಡಿದು ಇಳಿಸಿದಳು.

"ಹೆಣ್ಣಕೂಸು ಅಪ್ಪನ ಮನ್ಯಾಗ ಇರಬೇಕು. ನಾಳಿ ನಿನ್ನ ಲಗ್ನ ಮಾಡೋರು ಯಾರು?"

ಮಾವ ಎತ್ತುಗಳ ಕಡೆಗೆ ತಿರುಗಿದ. ಅವ್ವ ಗಾಡಿಯಿಂದ ಬಗ್ಗಿ ನನ್ನ ತಲೆಯ ಮೇಲೆ ಕೈಯಿಟ್ಟಳು. ಆ ಹೊತ್ತಿಗೆ ಅವಳ ಕೈಗಾಗಲಿ ನನ್ನ ಕೈಗಾಗಲಿ ಯಾವ ಮಾತೂ ಬರಲಿಲ್ಲ.

ಕಮಲನಗರದಿಂದ ಬಂದ ಚಿಗವ್ವನಿಗೆ, ಅಪ್ಪನ ಹೊಸ ಹೆಂಡತಿಗೆ, ಆಗ ಹದಿನಾರು ಇದ್ದೀತು. ದುಂಡು ಮುಖದ, ಅರ್ಧ ಮರಾಠಿ ಅರ್ಧ ಕನ್ನಡ ಆಡುವ, ಕೆಲಸ ಮಾಡುವಾಗ ತನಗೆ ತಾನೇ ಮಾತಾಡಿಕೊಳ್ಳುವ ಹುಡುಗಿ. ಅಡುಗೆಮನೆ ನೋಡಿ "ಅಗಬಾಯಿ, ಎಷ್ಟ್ ಛಂದ ಅದ!" ಎಂದು ಕೈ ತಟ್ಟಿದಳು. ವಾರದೊಳಗೆ ಗಿಳಿಯ ಡಬ್ಬಿಯಲ್ಲಿ ಜೀರಿಗೆ ಇತ್ತು, ಆನೆಯ ಬುಟ್ಟಿಯಲ್ಲಿ ಈರುಳ್ಳಿ. ನಾನು ಹೋಗಿ ಜಗಳ ತೆಗೆದೆ.

"ಇದರಾಗ ಖಾರ ಇಡಬೇಕು. ಗಿಳಿ ಅದ, ಕಾಣಂಗಿಲ್ಲೇನು?"

"ಗಿಳಿ ಇದ್ರ ಏನಾಯ್ತವ್ವ? ಡಬ್ಬಿ ಡಬ್ಬೀನ ಅಲ್ಲೇನು?"

ಅವಳು ನಗುತ್ತಲೇ ಹೇಳಿದಳು. ಅವಳಿಗೆ ಅವು ಬರೀ ಚಿತ್ರಗಳು. ಅವುಗಳಿಗೆ ಒಂದು ಅರ್ಥವಿತ್ತು ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ಅವಳು ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚುವಳು, ಜಾತ್ರೆಯ ಬಳೆ ತೊಡಿಸುವಳು, ತವರಿನ ಕತೆ ಹೇಳುವಳು. ಮನೆಯಲ್ಲಿ ಈಗ ಮಾತು ತುಂಬಿತ್ತು. ನನ್ನ ಕೈಗೆ ಮಾತ್ರ ಕೆಲಸವಿರಲಿಲ್ಲ. ಯಾರೂ ನನ್ನ ಮೂಲಕ ಏನನ್ನೂ ಹೇಳಿಸಬೇಕಾಗಿರಲಿಲ್ಲ. ಓಣಿಯ ಹುಡುಗಿಯರ ಬಳಿಗೆ ಹೋದರೆ ಅವರ ಆಟದ ನಿಯಮಗಳು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನಗಳಲ್ಲಿ ಅಡುಗೆಮನೆಗೆ ಹೋಗಿ ಬೆಳಕಿಂಡಿಯ ಕೆಳಗೆ ಕುಳಿತು, ಒಬ್ಬಳೇ, ಕೈಯಲ್ಲಿ ಮಾತಾಡಿಕೊಳ್ಳುತ್ತಿದ್ದೆ. ಅಪ್ಪ ಛಾಪಾ ತರುವುದನ್ನು ನಿಲ್ಲಿಸಿದ್ದ.

ಮುಂದಿನ ನಾಗರ ಪಂಚಮಿಗೆ ಮಾವ ಬಂದು ನನ್ನನ್ನು ಔರಾದಿಗೆ ಕರೆದೊಯ್ದ. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನೆಲ್ಲ ಬೆರಳುಗಳಲ್ಲಿ ಹೊಂದಿಸಿಕೊಂಡಿದ್ದೆ. ಮಾವನ ಮನೆ ಊರಿನ ಅಂಚಿನಲ್ಲಿತ್ತು. ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ಕಂಡು ಓಡಿ ಬಂದು ತಬ್ಬಿಕೊಂಡಳು. ಅವಳ ಮೈಯಿಂದ ಅದೇ ಹುಣಸೆಬೀಜದ ಅಂಟಿನ, ಅಗಸೆ ಎಣ್ಣೆಯ ವಾಸನೆ ಬಂತು. ಒಳಗೆ ಹೋಗಿ ನೋಡಿದರೆ ಅಲ್ಲಿಯೂ ಎಲ್ಲದರ ಮೇಲೂ ಕಾಗದ. ಆದರೆ ಔರಾದಿನಲ್ಲಿ ಛಾಪಾಗಳು ಎಲ್ಲಿಂದ ಬರಬೇಕು? ಅವ್ವ ಗಾಳಿಪಟದ ತೆಳು ಕಾಗದ ತರಿಸಿಕೊಂಡು, ತಾನೇ ಆಕಾರ ಕತ್ತರಿಸಿದ್ದಳು. ಕೆಂಪು ಸೂರ್ಯ, ಹಸಿರು ಜೋಳದ ತೆನೆ, ಹಳದಿ ಹಕ್ಕಿ, ಬಾವಿಯ ಗಾಲಿ, ಮಳೆಯ ಗೆರೆ. ಒಂದರ ಮೇಲೊಂದು ಕಾಗದ ಹಚ್ಚಿ ಹಸಿರಿನೊಳಗೆ ಇನ್ನೊಂದು ಹಸಿರು ತಂದಿದ್ದಳು. ಪಡಸಾಲೆಯಲ್ಲಿ ಬೇರೆ ಮನೆಗಳ ಬುಟ್ಟಿಗಳೂ ಇದ್ದವು. ಗಂಡನ ಮನೆಗೆ ಹೋಗುವ ಹುಡುಗಿಯರ ಪೆಟ್ಟಿಗೆಗಳಿಗೆ ಕಾಗದ ಹಚ್ಚಿಕೊಡು ಎಂದು ಊರ ಹೆಂಗಸರು ತಂದಿಟ್ಟು ಹೋಗುತ್ತಿದ್ದರಂತೆ. ಅವರು ಬಂದರೆ ಅವ್ವ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿರಲಿಲ್ಲ. ಎದುರು ಕುಳಿತು ಕೈಯಲ್ಲಿ ಮಾತಾಡುತ್ತಿದ್ದಳು, ಅವರೂ ತಮಗೆ ತೋಚಿದಂತೆ ಕೈ ಆಡಿಸುತ್ತಿದ್ದರು.

ಮಾವನ ಮಗಳು ಕಾಶಿ ನನಗಿಂತ ಚಿಕ್ಕವಳು. ಅವಳ ಮತ್ತು ಅವ್ವನ ಕೈಗಳು ಎಷ್ಟು ಬೇಗ ಓಡುತ್ತಿದ್ದವೆಂದರೆ ನಾನು ನೋಡುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ಸೂರ್ಯ ಎಂದರೇನು, ಬಾವಿಯ ಗಾಲಿ ಎಂದರೇನು, ನನಗೆ ಒಂದೂ ತಿಳಿಯಲಿಲ್ಲ. ಇಬ್ಬರೂ ಏನಕ್ಕೋ ನಕ್ಕರು. ನಾನು ಕೇಳಿದೆ:

"ಏನ್ ಅಂದ್ಳು?"

"ಹೇ, ಅದು ಬಾಯಿಲೆ ಹೇಳಿದ್ರ ಛಂದ ಆಗಂಗಿಲ್ಲ," ಎಂದಳು ಕಾಶಿ.

ಅವ್ವ ನನ್ನತ್ತ ತಿರುಗಿ ನಿಧಾನವಾಗಿ, ಹೊರಗಿನಿಂದ ಬಂದವರ ಜೊತೆ ಮಾತಾಡುವಂತೆ, ಬಿಡಿಸಿ ಬಿಡಿಸಿ ತೋರಿಸಿದಳು. ನಾನು ದಾರಿಯಲ್ಲಿ ಹೊಂದಿಸಿಕೊಂಡದ್ದನ್ನು ಅವಳಿಗೆ ಹೇಳಲೇ ಇಲ್ಲ. ಹಿತ್ತಲಿಗೆ ಹೋಗಿ ಹಗ್ಗದ ಜೋಕಾಲಿಯ ಮೇಲೆ ಕುಳಿತೆ. ಇಷ್ಟು ದಿನ ಅವ್ವ ಅಲ್ಲಿ ಒಬ್ಬಳೇ ಇದ್ದಾಳೆ, ಅವಳ ಮಾತು ತಿಳಿಯುವವಳು ಲೋಕದಲ್ಲಿ ನಾನೊಬ್ಬಳೇ ಎಂದು ನಂಬಿಕೊಂಡೇ ಭಾಲ್ಕಿಯ ಆ ದಿನಗಳನ್ನು ಕಳೆದಿದ್ದೆ. ಅವಳು ಒಂಟಿಯಾಗಿಲ್ಲ ಎಂದು ಸಂತೋಷಪಡಬೇಕಿತ್ತು. ನನಗೆ ಅಳು ಬಂತು.

ಮಧ್ಯಾಹ್ನ ಊಟಕ್ಕೆ ಕರೆದರು. ಎಲ್ಲರ ತಟ್ಟೆಗೆ ಹೋಳಿಗೆ ಬಿತ್ತು. ತುತ್ತು ಎತ್ತುವ ಮುಂಚೆ ಅವ್ವ ತೋರುಬೆರಳಿನಿಂದ ತನ್ನ ಗದ್ದದ ನಡುವೆ ಒಮ್ಮೆ ಮುಟ್ಟಿಕೊಂಡಳು. ಕಾಶಿಯೂ ಮುಟ್ಟಿಕೊಂಡಳು. ಅತ್ತೆ, ಅಂದರೆ ಮಾವನ ಹೆಂಡತಿ, ಬಡಿಸುತ್ತಿದ್ದ ಕೈಯಲ್ಲೇ ಗದ್ದ ಮುಟ್ಟಿಕೊಂಡಳು. ಅದೇನು ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ. ಕಾಶಿ ನನ್ನತ್ತ ನೋಡಿ ಕಿಸಕ್ಕನೆ ನಕ್ಕಳು.

"ನೀ ಯಾಕ ಸುಮ್ಮ ಕುಂತಿ? ಅದು ನೀನೇ ಅಲ್ಲ!"

"ಯಾವುದು?"

"ಇದು," ಎಂದು ಅವಳು ಬಗ್ಗಿ ನನ್ನ ಗದ್ದದ ಮೇಲಿನ ಹಚ್ಚೆಯ ಬೊಟ್ಟನ್ನು ಬೆರಳಿನಿಂದ ಒತ್ತಿದಳು. "ಇದು ನಿನ್ನ ಹೆಸರು. ದಿನಾ ಊಟಕ್ಕ ಕುಂತಾಗ ನಿಮ್ಮವ್ವ ಮೊದಲ ನಿನ್ನ ಹೆಸರ ತಗೋತಾಳ. ಆಮ್ಯಾಲ ತುತ್ತು. ನಮಗೂ ರೂಢಿ ಆಗ್ಯಾದ."

ಭಾಲ್ಕಿಯಲ್ಲಿ ಅವ್ವನ ಕೈಗೆ ನನ್ನ ಹೆಸರೇ ಇರಲಿಲ್ಲ. ಬೇಕಾಗಿರಲಿಲ್ಲ, ನಾನು ಯಾವಾಗಲೂ ಅವಳ ಎದುರಿಗೇ ಇರುತ್ತಿದ್ದೆ. ನಾನು ಇಲ್ಲದ ಮನೆಯಲ್ಲಿ ಅವಳು ನನಗೆ ಹೆಸರಿಟ್ಟಿದ್ದಳು. ನನ್ನ ತಟ್ಟೆಯ ಹೋಳಿಗೆ ಕಣ್ಣೀರಲ್ಲಿ ಕಾಣದಾಯಿತು. ಅವ್ವ ಎದ್ದು ಬಂದು ನನ್ನ ಬದಿಗೆ ಕುಳಿತು, ತುಪ್ಪ ಸವರಿ, ತುತ್ತು ಮಾಡಿ ಉಣ್ಣಿಸಿದಳು.

ಹಬ್ಬ ಮುಗಿದ ಮೇಲೆ ನಾನು ಭಾಲ್ಕಿಗೆ ಮರಳಿದೆ. ಇಲ್ಲೇ ಇರುತ್ತೇನೆ ಎಂದು ಹಟ ಹಿಡಿಯಬಹುದಿತ್ತು, ಮಾವ ಬೇಡವೆನ್ನುತ್ತಿರಲಿಲ್ಲ. ಅವ್ವನೂ ತಡೆಯಲಿಲ್ಲ. ಚಿಗವ್ವ ಆಗ ಬಸುರಿ, ಅವಳ ಜೊತೆಗೆ ಒಬ್ಬರು ಬೇಕು ಎಂದು ಆಯಿ ಹೇಳಿ ಕಳಿಸಿದ್ದಳು. ಆ ನಂತರ ವರ್ಷಕ್ಕೊಮ್ಮೆ ಪಂಚಮಿಗೆ ಔರಾದು, ಉಳಿದದ್ದೆಲ್ಲ ಭಾಲ್ಕಿ, ಮದುವೆಯಾದ ಮೇಲೆ ಬೀದರ. ಅವ್ವ ಮತ್ತೆಂದೂ ಅಪ್ಪನ ಮನೆಗೆ ಬರಲಿಲ್ಲ. ಆದರೆ ಆ ಮೊದಲ ಸಲ ಗಾಡಿಯಲ್ಲಿ ಮರಳುವಾಗ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಅವ್ವನ ಹತ್ತಿರ ನನ್ನ ಹೆಸರಿತ್ತು. ನನ್ನ ಹತ್ತಿರ ಅವಳದು ಇರಲಿಲ್ಲ. ಎಷ್ಟೋ ಸನ್ನೆಗಳನ್ನು ಮಾಡಿ ನೋಡಿದೆ, ಯಾವುದೂ ಸರಿಯೆನಿಸಲಿಲ್ಲ. ಕಮಲನಗರ ದಾಟಿದ ಮೇಲೆ, ತೊಗರಿ ಹೊಲಗಳ ನಡುವೆ, ನನ್ನ ಎರಡು ಬೆರಳುಗಳು ತಾವಾಗಿ ಕತ್ತರಿಯಂತೆ ತೆರೆದು ಮುಚ್ಚಿಕೊಂಡವು. ಮಾವ ಎತ್ತುಗಳನ್ನು ಹೊಡೆಯುತ್ತಿದ್ದ, ನೋಡಲಿಲ್ಲ. ನಾನು ಇನ್ನೊಮ್ಮೆ ಮಾಡಿದೆ.

ಮರುದಿನ ಮಧ್ಯಾಹ್ನ ಅಪ್ಪ ಅಂಗಡಿಯಿಂದ ಊಟಕ್ಕೆ ಬಂದ. ಪಡಸಾಲೆಯಲ್ಲಿ ಅವನ ಪಕ್ಕ ನನಗೂ ತಟ್ಟೆ ಹಾಕಿದರು. ಚಿಗವ್ವ ರೊಟ್ಟಿ ತಂದಳು. ಆಯಿ ಕಂಬಕ್ಕೆ ಒರಗಿ ಕುಳಿತಿದ್ದಳು. ನಾನು ತುತ್ತು ಮುರಿಯುವ ಮುಂಚೆ ಕೈ ಎತ್ತಿ, ಎರಡು ಬೆರಳುಗಳನ್ನು ಒಮ್ಮೆ ತೆರೆದು ಮುಚ್ಚಿದೆ.

"ಏನ ಅದು? ಊಟಕ್ಕ ಕುಂತು ಕೈ ಹಂಗ್ಯಾಕ ಮಾಡ್ತಿ?" ಎಂದಳು ಆಯಿ.

"ಅವ್ವನ ಹೆಸರ ತಗೊಂಡೆ," ಎಂದೆ.

ಅಪ್ಪ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದ. ನಾನು ಊಟ ಶುರುಮಾಡಿದೆ.